ಚಿಲ್ಲರೆ ಜಗಳ ಹೋಯ್ತು, ಲೆಕ್ಕದ ಭಯ ಬಂತು!

ಮಧುಗಿರಿಯಿಂದ ಕೊರಟಗೆರೆ ಮೇಲೆ ತುಮಕೂರಿಗೆ ಹೋಗುವ ಬಸ್ಸಿನಲ್ಲಿ ಒಂದು ಕಾಲಕ್ಕೆ ನಿತ್ಯ ಕೇಳುತ್ತಿದ್ದ ಮಾತು: "ಚಿಲ್ರೆ ಇಲ್ಲ, ಇಳಿಯೋವಾಗ ಇಸ್ಕೊಳಿ." ಟಿಕೆಟ್ಟಿನ ಬೆನ್ನಿಗೆ ಕಂಡಕ್ಟರು ಗೀಚಿದ ಬಾಕಿಯೇ ಪ್ರಯಾಣಿಕನ ಪಾಲಿನ ಸಾಲಪತ್ರ. ಅವಸರದಲ್ಲಿ ಮರೆತು ಇಳಿದರೆ ಸಾಲವೂ ಮನ್ನಾ!

ಅಂಗಡಿಯಲ್ಲಾದರೆ ಒಂದು ರೂಪಾಯಿ ಬದಲು ಪೆಪ್ಪರಮೆಂಟು. ಹತ್ತರ ನಾಣ್ಯ ಕೊಟ್ಟರೆ "ಇದು ನಡೆಯಲ್ಲ ಸ್ವಾಮಿ." ಹತ್ತರ ನಾಣ್ಯದ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸಾರಿ ಹೇಳಿದರೂ ಗಲ್ಲಾಪೆಟ್ಟಿಗೆಯ ಕಾನೂನೇ ಬೇರೆ.

ಈ ಜಗಳ ಬಿಡಿಸಿದ್ದು 2016ರಲ್ಲಿ ಬಂದ ಯುಪಿಐ. ಮೂರು ದಿಕ್ಕಿಗೂ ಆಂಧ್ರ ಇರುವ ಪಾವಗಡದಲ್ಲಿ ಗಿರಾಕಿ ತೆಲುಗಿನಲ್ಲಿ ಕೇಳಲಿ, ಕನ್ನಡದಲ್ಲಿ ಕೇಳಲಿ, ಚೌಕದ ಚಿತ್ರಕ್ಕೆ ಮೊಬೈಲು ಹಿಡಿದರೆ ವ್ಯಾಪಾರ ಮುಗೀತು. 2024ರ ಕೊನೆಗೆ ಸರ್ಕಾರಿ ಬಸ್ಸಿಗೂ ಇದೇ ವ್ಯವಸ್ಥೆ ಬಂತು.

ಅಷ್ಟರಲ್ಲಿ ಬಂತು 2025ರ ಜುಲೈ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿತು. ನೋಟೀಸು ಬಂದದ್ದು ಕೆಲವರಿಗೆ, ಭಯ ಬಂದದ್ದು ಎಲ್ಲರಿಗೂ! ಹಲವೆಡೆ ಕ್ಯೂಆರ್ ಹಲಗೆ ಇಳಿದು "ನಗದು ಮಾತ್ರ" ಎಂಬ ಚೀಟಿ ಏರಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಸಭೆ ಕರೆದು, ಹಳೇ ಬಾಕಿ ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗದ್ದಲ ತಣ್ಣಗಾಯಿತು.

ಭಯಕ್ಕೆ ಕಾರಣ ಹಲಗೆಯಲ್ಲ, ಗೊತ್ತಿಲ್ಲದ ಲೆಕ್ಕ. ಕಾನೂನು ನೋಡುವುದು ವರ್ಷದ ಒಟ್ಟು ವಹಿವಾಟನ್ನು. ನೋಟಿನಲ್ಲಿ ಬಂದದ್ದೂ ವಹಿವಾಟೇ, ಮೊಬೈಲಿನಲ್ಲಿ ಬಂದದ್ದೂ ವಹಿವಾಟೇ. ಮಾಲು ಮಾರುವವರಿಗೆ 40 ಲಕ್ಷ, ಹೋಟೆಲು ಮತ್ತು ಸೇವೆಯವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ದಿನಕ್ಕೆ ಭಾಗಿಸಿದರೆ ಸುಮಾರು 11 ಸಾವಿರ ಮತ್ತು 5,500 ರೂಪಾಯಿ. ಹೆದ್ದಾರಿಯ ಬಸ್ಸುಗಳು ನಿಲ್ಲುವ ಸಿರಾದಲ್ಲಿ ಒಂದು ಸಾಧಾರಣ ಹೋಟೆಲು ಇಷ್ಟು ದಾಟುವುದು ದೊಡ್ಡ ಮಾತಲ್ಲ.

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ ಗುಡಿಯ ಮುಂದಿನ ಅಂಗಡಿಯನ್ನೇ ನೋಡಿ. ತೆಂಗಿನಕಾಯಿಗೂ ಹೂವಿಗೂ ತೆರಿಗೆ ಇಲ್ಲ. ಅವನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಕಿಲ್ಲ. ಜತೆಗೆ ಊದಿನಕಡ್ಡಿ ಇಟ್ಟರೆ ಮಾತ್ರ ಮಿತಿಗೆ ಕಾಯಿ, ಹೂವು, ಕಡ್ಡಿ ಎಲ್ಲವೂ ಸೇರುತ್ತವೆ. ತೆರಿಗೆ ಬೀಳುವುದು ಕಡ್ಡಿಗೆ. ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ ಮಾಲಿನ ವ್ಯಾಪಾರಿಗೆ ಶೇಕಡಾ 1ರ ರಾಜಿ ತೆರಿಗೆ ಪದ್ಧತಿಯೂ ಇದೆ.

ಇನ್ನೊಂದು ಗಂಡಾಂತರ: ಅಂಗಡಿ ದುಡ್ಡು, ಮಗ ಬೆಂಗಳೂರಿನಿಂದ ಕಳಿಸಿದ ದುಡ್ಡು, ಭಾವಮೈದುನ ತೀರಿಸಿದ ಕೈಸಾಲ, ಎಲ್ಲ ಒಂದೇ ಖಾತೆಗೆ! ಯಾವುದು ವ್ಯಾಪಾರ, ಯಾವುದು ಬಾಂಧವ್ಯ ಎಂದು ಯಂತ್ರಕ್ಕೇನು ಗೊತ್ತು? ಅಂಗಡಿಗೆ ಬೇರೆ ಖಾತೆ, ಜತೆಗೊಂದು ಲೆಕ್ಕದ ಪುಸ್ತಕ ಇಟ್ಟರೆ ಅರ್ಧ ತಲೆನೋವು ಇಳಿದಂತೆ. ಹಿಂದಿನ ಶೆಟ್ಟರು ದಿನದ ಲೆಕ್ಕ ಬರೆಯದೆ ಬಾಗಿಲು ಹಾಕುತ್ತಿರಲಿಲ್ಲ. ಯಂತ್ರ ಬಂದ ಮೇಲೆ ಪುಸ್ತಕ ಅಟ್ಟ ಸೇರಿದ್ದೇ ಎಡವಟ್ಟು.

ಹಲಗೆ ಇಳಿಸಿದರೆ ನಷ್ಟ ಇಬ್ಬರಿಗೂ. ಡ್ರೈವರು ಹಾರನ್ನು ಹೊಡೆಯುತ್ತಿರುವಾಗ ಐನೂರರ ನೋಟು ಹಿಡಿದು ಬಾಳೆಹಣ್ಣಿಗೆ ನಿಂತವನಿಗೆ ಹಣ್ಣೂ ಇಲ್ಲ, ಅಂಗಡಿಯವನಿಗೆ ವ್ಯಾಪಾರವೂ ಇಲ್ಲ. ತೆರಿಗೆ ಅಧಿಕಾರಿಗಳು ನೋಟೀಸಿಗೆ ಮುಂಚೆ ಈ ನಾಲ್ಕೂ ಊರಿನ ಬಸ್ ನಿಲ್ದಾಣಗಳಲ್ಲಿ ಒಂದೊಂದು ದಿನ ಮೇಜು ಹಾಕಿ ಕೂತು, ಸರಳ ಕನ್ನಡದಲ್ಲಿ ಇಷ್ಟನ್ನು ತಿಳಿಸಿ ಹೇಳಬಾರದೇಕೆ? ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ.