ನಿಮಗಿದು ಗೊತ್ತೆ? ಕುಪ್ಪಸದ ಖಣ ದಿವಾನಖಾನೆಗೆ ಬಂದ ಬಗೆ

● ಮುಧೋಳ, ಜಮಖಂಡಿ, ಬೀಳಗಿಗಳಲ್ಲಿಯೂ ಹತ್ತಿಯ ಸೀರೆಗಳಿಗೆ ಹೆಸರಾದ ರಬಕವಿ-ಬನಹಟ್ಟಿಯಲ್ಲಿಯೂ ಮುತ್ತೈದೆಯರ ಉಡಿ ತುಂಬುವ ಮಂಗಳವಸ್ತ್ರವೆಂದು ತಲೆಮಾರುಗಳಿಂದ ಪರಿಚಿತವಾದ, ನಮ್ಮ ಬಾಗಲಕೋಟೆ ಜಿಲ್ಲೆಯದೇ ಆದ ಗುಳೇದಗುಡ್ಡದ ಖಣವು, ಈಚಿನ ವರ್ಷಗಳಲ್ಲಿ ಮಹಾನಗರಗಳ ಶ್ರೀಮಂತ ಗೃಹಗಳಲ್ಲಿ ದಿಂಬಿನ ಗವಸು, ಮೇಜಿನ ಹಾಸು, ದೀಪದ ಮರೆ ಮೊದಲಾದ ರೂಪಗಳಿಂದ ನೂತನ ಪದವಿಯನ್ನು ಪಡೆದಿರುವುದು.

● ಈ ವಸ್ತ್ರದ ಚೆಲುವು ಮುದ್ರಣದಿಂದಾಗಲಿ ಕಸೂತಿಯಿಂದಾಗಲಿ ಬಂದುದಲ್ಲ. ಹಾಸಿನಲ್ಲಿ ಸೇರಿಸಿದ ಹೆಚ್ಚುವರಿ ಎಳೆಗಳನ್ನು ಮಗ್ಗದ ಮೇಲೆಯೇ ಎತ್ತಿ ಇಳಿಸಿ ನೇಯುವುದರಿಂದ ಬುಟ್ಟಾಗಳು ಬಟ್ಟೆಯ ಅಂಗವಾಗಿಯೇ ಮೂಡುವುವು. ಕುಪ್ಪಸಕ್ಕೆಂದೇ ನೇಯುವ ಕಾರಣ ಅದರ ಅಗಲ ಕಿರಿದು. ಆದುದರಿಂದ ವಿಶಾಲವಾದ ಪರದೆಗಿಂತಲೂ ದಿಂಬಿಗೆ, ಅಂಚುಪಟ್ಟಿಗೆ ಅದು ಹೆಚ್ಚು ಒಗ್ಗುವುದು.

● ಆಸನಗಳಿಗೆ ಹೊದಿಸುವ ಬಟ್ಟೆಯ ಪರೀಕ್ಷೆಯಾದರೋ ಕಠಿನತರವಾದುದು. ಮಾರ್ಟಿನ್‌ಡೇಲ್ ಎಂಬ ಯಂತ್ರದಲ್ಲಿ ಅದನ್ನು ಉಣ್ಣೆಯ ಬಟ್ಟೆಯೊಡನೆ ಸತತವಾಗಿ ಉಜ್ಜಿ, ಎಳೆ ಹರಿಯುವವರೆಗೆ ತಾಳಿದ ಸುತ್ತುಗಳನ್ನು ಎಣಿಸುವರು. ನಿತ್ಯವೂ ಬಳಸುವ ಸೋಫಾಕ್ಕೆ ಸುಮಾರು 20,000 ಸುತ್ತುಗಳನ್ನಾದರೂ ತಾಳುವ ಬಟ್ಟೆಯನ್ನು ಆರಿಸುವುದು ರೂಢಿ. ಸೂಕ್ಷ್ಮವಾದ ರೇಷ್ಮೆಯ ನೇಯ್ಗೆಯನ್ನು ಕುಳಿತೇಳುವ ಭಾಗಕ್ಕೆ ಬಳಸದೆ, ಒರಗುದಿಂಬಿಗೆ ಮೀಸಲಿಡುವುದು ಈ ಕಾರಣದಿಂದಲೇ.

● ನೆಲಹಾಸನ್ನು ಅರಸುವವರಿಗೆ ಧಾರವಾಡ ಜಿಲ್ಲೆಯ ನವಲಗುಂದ ಸಮೀಪದಲ್ಲಿಯೇ ಉಂಟು. ಅಲ್ಲಿ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಸ್ತ್ರೀಯರು ಕೈಯಿಂದ ನೇಯುವ, ನವಿಲು, ಪಗಡೆಯ ಹಾಸು ಮೊದಲಾದ ಚಿತ್ರಗಳಿಂದ ಶೋಭಿಸುವ ಜಮಖಾನೆಗೆ, ಇಳಕಲ್ಲ ಸೀರೆಗೆ ದೊರೆತಂತೆಯೇ, ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿರುವುದು.