ಶನಿವಾರ ಅಂದ್ರೆ ಅಜ್ಜಿ ಬರೋಲ್ಲ: ಎರಡು ಕ್ಯಾಲೆಂಡರ್, ಒಂದು ಮದುವೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ನಾನಿರೋದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮೊನ್ನೆ ಆಫೀಸಿನ ಗೆಳೆಯನೊಬ್ಬ ಊಟದ ಹೊತ್ತಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಅವನು ಯೆಹೂದಿ, ಹುಡುಗಿ ಕ್ಯಾಥೊಲಿಕ್. 2027ರ ಜೂನ್ 5ಕ್ಕೆ ಹಾಲ್ ಬುಕ್ ಮಾಡಿ, ಅಡ್ವಾನ್ಸ್ ಕೊಟ್ಟು, ಆಮೇಲೆ ಅಜ್ಜಿಗೆ ಫೋನ್ ಮಾಡಿದ್ದಾನೆ. ಅಜ್ಜಿ ಕೇಳಿದ್ದು ಒಂದೇ ಮಾತು: "ಅವತ್ತು ಶನಿವಾರ ಅಲ್ವಾ?"

ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಯೆಹೂದಿಗಳಿಗೆ ಸಬ್ಬತ್. ಮದುವೆ ಅವರಲ್ಲಿ ಒಂದು ಕರಾರು ಕೂಡ ಹೌದು, ಹಾಗಾಗಿ ಅವತ್ತು ಮಾಡುವಂತಿಲ್ಲ. ಕಟ್ಟುನಿಟ್ಟಾಗಿ ಪಾಲಿಸುವವರು ಕಾರು ಕೂಡ ಹತ್ತೋಲ್ಲ. ಹುಡುಗಿ ಮನೆಯವರಿಗೋ ಶನಿವಾರವೇ ಬೇಕು. ಭಾನುವಾರ ಚರ್ಚ್‌ನಲ್ಲಿ ಬೆಳಗಿನಿಂದ ಪೂಜೆಗಳಿರ್ತವೆ, ಬಹಳ ಕಡೆ ಅವತ್ತು ಮದುವೆ ಇಟ್ಟುಕೊಳ್ಳೋದಿಲ್ಲ.

ನಾವು ಪಂಚಾಂಗ ತೆಗೆದು ಒಳ್ಳೆ ಮುಹೂರ್ತ ಹುಡುಕ್ತೀವಿ. ಇವರದ್ದು ಉಲ್ಟಾ. ಆಗದ ದಿನಗಳನ್ನ ಹೊಡೆದುಹಾಕುತ್ತಾ ಹೋದ ಮೇಲೆ ಉಳಿದದ್ದೇ ಮುಹೂರ್ತ. ಅವತ್ತು ನಾವಿಬ್ಬರೂ ಅದನ್ನೇ ಮಾಡಿದೆವು.

2027ರಲ್ಲಿ ಫೆಬ್ರುವರಿ 10ಕ್ಕೆ ಲೆಂಟ್, ಅಂದರೆ ಉಪವಾಸದ ಕಾಲ ಶುರು. ಈಸ್ಟರ್ ಮಾರ್ಚ್ 28ಕ್ಕೆ. ಲೆಂಟ್‌ನಲ್ಲಿ ಕ್ಯಾಥೊಲಿಕರಿಗೆ ಮದುವೆ ಪೂರ್ತಿ ನಿಷಿದ್ಧವೇನಲ್ಲ, ಆದರೆ ಆಡಂಬರ ಸಲ್ಲದು. ಶುಭ ಶುಕ್ರವಾರ, ಅದರ ಮರುದಿನದ ಶನಿವಾರ ಮಾತ್ರ ಖಂಡಿತ ಇಲ್ಲ. ಯೆಹೂದಿಗಳ ಪಾಸೋವರ್ ಸಾಮಾನ್ಯವಾಗಿ ಈಸ್ಟರ್ ಆಸುಪಾಸಿನಲ್ಲೇ ಬರುತ್ತೆ, ಆದರೆ ಆ ವರ್ಷ ಏಪ್ರಿಲ್ 21ರ ಸಂಜೆಗೆ ಹೋಗಿದೆ. ಕಾರಣ ಅಧಿಕ ಮಾಸ! ಅವರದ್ದೂ ಚಂದ್ರನ ತಿಂಗಳು. ಋತುಗಳ ಜೊತೆ ಹೊಂದಿಸೋಕೆ 19 ವರ್ಷದಲ್ಲಿ 7 ಸಲ ಒಂದು ತಿಂಗಳು ಹೆಚ್ಚು ಸೇರಿಸ್ತಾರೆ. ಮೈಸೂರಿನಲ್ಲಿರೋ ಅಮ್ಮನಿಗೆ ಇದನ್ನ ಹೇಳಿದರೆ, "ಹಾಗಾದ್ರೆ ಆಷಾಢವೂ ಇರಬೇಕಲ್ಲ" ಅಂದ್ರು.

ಅದೂ ಇದೆ, ಎರಡು ಸಲ. ಪಾಸೋವರ್‌ನಿಂದ ಶಾವೂತ್ ಹಬ್ಬದವರೆಗೆ 49 ದಿನ ಎಣಿಸುವ ಓಮೆರ್ ಶೋಕದ ಕಾಲ. 33ನೇ ದಿನ ಮಾತ್ರ ಮದುವೆಗೆ ಬಿಡುವು. ಕೆಲವರಿಗೆ ಆ ದಿನಕ್ಕೇ ಶೋಕ ಮುಗಿಯುತ್ತೆ, ಕೆಲವರಿಗೆ ಇಲ್ಲ. ಉದಾರವಾದಿ ರಬ್ಬಿಗಳಲ್ಲಿ ಅನೇಕರು ಲೆಕ್ಕಕ್ಕೇ ಇಟ್ಟುಕೊಳ್ಳೋಲ್ಲ. ಎರಡನೆಯದು ಜುಲೈ 22ರಿಂದ ಆಗಸ್ಟ್ 12ರವರೆಗಿನ ಮೂರು ವಾರ, ಜೆರುಸಲೇಮಿನ ದೇವಾಲಯ ನಾಶವಾದ ನೆನಪಿಗೆ. ಅಕ್ಟೋಬರ್ ತುಂಬಾ ಅವರ ದೊಡ್ಡ ಹಬ್ಬಗಳು. ಹಬ್ಬದಲ್ಲಿ ಮದುವೆ ಯಾಕಾಗಬಾರದು ಅಂದರೆ, ಒಂದು ಸಂತೋಷಕ್ಕೆ ಇನ್ನೊಂದನ್ನ ಬೆರೆಸಬಾರದಂತೆ. ಈ ಕಾರಣ ನನಗೆ ಬಹಳ ಹಿಡಿಸಿತು.

ಶನಿವಾರ ಕತ್ತಲಾದ ಮೇಲೆ ಮಾಡಬಹುದಲ್ಲ ಅಂತ ಕೇಳಿದೆ. ಮಾಡಬಹುದು. ಆದರೆ ಇಲ್ಲಿ ಜೂನ್‌ನಲ್ಲಿ ಕತ್ತಲಾಗೋದು ಒಂಬತ್ತರ ಮೇಲೆ. ನವೆಂಬರ್ ಮಧ್ಯದಲ್ಲಾದರೆ ಐದೂವರೆಗೆಲ್ಲ ಆಗುತ್ತೆ, ಆದರೆ ಹುಡುಗಿಗೆ ತೋಟದಲ್ಲೇ ಮದುವೆಯಾಗಬೇಕು.

ಇಷ್ಟೆಲ್ಲ ಆದ ಮೇಲೆ ಗೊತ್ತಾಗಿದ್ದು, ಹಾಲ್‌ಗಿಂತ ಮುಂಚೆ ಕೇಳಬೇಕಾಗಿದ್ದು ರಬ್ಬಿಯನ್ನ ಅಂತ. ಆರ್ಥೊಡಾಕ್ಸ್ ಮತ್ತು ಕನ್ಸರ್ವೇಟಿವ್ ಪಂಥದ ರಬ್ಬಿಗಳು ಅಂತರ್‌ಧರ್ಮೀಯ ಮದುವೆ ನಡೆಸೋದಿಲ್ಲ. ರಿಫಾರ್ಮ್ ಪಂಥದಲ್ಲಿ ಅದು ಆಯಾ ರಬ್ಬಿಗೆ ಬಿಟ್ಟದ್ದು. ಒಪ್ಪಿದವರೂ ಸಬ್ಬತ್‌ನಲ್ಲಿ ಬರೋದು ಅಪರೂಪ. ಕ್ಯಾಥೊಲಿಕ್ ಕಡೆಯಿಂದ ಬಿಷಪ್ ಅನುಮತಿ ಬೇಕು. ಚರ್ಚ್‌ನ ಹೊರಗೆ ಮದುವೆಯಾಗೋದಕ್ಕೂ ಅವರೇ ವಿನಾಯಿತಿ ಕೊಡಬೇಕು. ಇದೇನೂ ಅಪರೂಪದ ಜೋಡಿಯಲ್ಲ. ಪ್ಯೂ ಸಂಸ್ಥೆಯ 2020ರ ಸಮೀಕ್ಷೆ ಪ್ರಕಾರ, ಅಮೆರಿಕದಲ್ಲಿ 2010ರ ನಂತರ ಮದುವೆಯಾದ ಯೆಹೂದಿಗಳಲ್ಲಿ ಶೇ. 61 ಮಂದಿಯ ಸಂಗಾತಿ ಯೆಹೂದಿಯಲ್ಲ.

ಕೊನೆಗೆ ಉಳಿದದ್ದು ಶಾವೂತ್ ಆದ ಮೇಲಿನ ಭಾನುವಾರಗಳು. ಜೂನ್ 13 ಬೇಡ ಅಂದುಕೊಂಡರು. ಹಬ್ಬ ಮುಗಿಯೋದೇ ಹಿಂದಿನ ರಾತ್ರಿ, ದೂರದವರು ಬರೋದು ಯಾವಾಗ? ಜೂನ್ 20 ಗೊತ್ತಾಯ್ತು. ಅವತ್ತು ಅಪ್ಪಂದಿರ ದಿನ ಬೇರೆ. ಹುಡುಗಿಯ ಅಪ್ಪ ಚರ್ಚ್ ತಪ್ಪಿದ ಬೇಸರವನ್ನ ಅಲ್ಲಿಗೆ ಮರೆತರಂತೆ. ಹಾಲಿನವರು ಅಡ್ವಾನ್ಸ್‌ನಲ್ಲಿ ಸ್ವಲ್ಪ ಹಿಡಿದುಕೊಂಡು ದಿನ ಬದಲಿಸಿಕೊಟ್ಟರು.

ಅಜ್ಜಿ ಈ ಮದುವೆಯನ್ನ ಈಗಲೂ ಪೂರ್ತಿ ಒಪ್ಪಿಲ್ಲ. ಆದರೂ ಮೊಮ್ಮಗನಿಗೆ ಹೇಳಿದ್ದಾರೆ: "ಭಾನುವಾರ ಆದ್ರೆ ಬರ್ತೀನಿ. ಊಟ ಮಾತ್ರ ನನ್ನ ಡಬ್ಬಿಯಲ್ಲಿ ನಾನೇ ತರ್ತೀನಿ."