ವ್ಯವಸಾಯ ಪದವೀಧರರೂ ಸ್ವತಂತ್ರ ಉದ್ಯಮವೂ

ಮಕ್ಕಳನ್ನು ವ್ಯವಸಾಯದ ಕಾಲೇಜಿಗೆ ಕಳುಹಿಸುವ ಜಮೀನುದಾರರಲ್ಲಿ ಬಹುಮಂದಿಯ ಎಣಿಕೆಯು ಒಂದೇ ಆಗಿರುತ್ತದೆ: ಓದು ಮುಗಿದು ಪದವಿ ಬಂದೊಡನೆ ಸರ್ಕಾರದ ಕೆಲಸವೊಂದು ದೊರೆಯಬೇಕು. ಈ ಎಣಿಕೆಯು ಒಂದು ಕಾಲಕ್ಕೆ ಸರಿಯಾದುದೇ. ಹೆಬ್ಬಾಳದ ವ್ಯವಸಾಯ ಶಾಲೆಯು ೧೯೧೩ರಲ್ಲಿ ಆರಂಭವಾಗಿ, ೧೯೪೬ರಲ್ಲಿ ಕಾಲೇಜಾಗಿ, ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರುವವರೆಗೂ ಅಲ್ಲಿ ಕಲಿತವರಿಗೆ ಇಲಾಖೆಯ ಚಾಕರಿಯೇ ರಾಜಮಾರ್ಗವಾಗಿದ್ದಿತು. ಈಗಲಾದರೋ ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿಯೂ, ತೋಟಗಾರಿಕೆಗೆಂದು ಬಾಗಲಕೋಟೆಯಲ್ಲಿಯೂ ವಿಶ್ವವಿದ್ಯಾನಿಲಯಗಳಿರುವುವು. ಇಷ್ಟು ಕಡೆಗಳಿಂದ ಹೊರಬೀಳುವ ಪದವೀಧರರಿಗೆಲ್ಲ ಸಾಲುವಷ್ಟು ಹುದ್ದೆಗಳು ಯಾವ ಸರ್ಕಾರದಲ್ಲಿಯೂ ಇರಲಾರವು.

ಆದುದರಿಂದಲೇ ಇತ್ತೀಚೆಗೆ ಅನೇಕ ಮನೆಗಳಲ್ಲಿ ಒಂದು ಹೊಸ ಮಾತು ಕೇಳಿಬರುತ್ತಿದೆ. ಪದವಿ ಪಡೆದ ಮಗನು ಮನೆಗೆ ಬಂದು, "ನಾನು ನೌಕರಿಗೆ ಹೋಗುವುದಿಲ್ಲ, ಸಸಿಮಡಿಯ ಉದ್ಯಮ ಹೂಡುತ್ತೇನೆ, ಬ್ಯಾಂಕಿನ ಸಾಲಕ್ಕೆ ಜಮೀನಿನ ಆಧಾರ ಕೊಡಿರಿ" ಎನ್ನುತ್ತಾನೆ. ತಂದೆಗೆ ದಿಗಿಲಾಗುತ್ತದೆ. ಇದಕ್ಕಾಗಿಯೇ ಇವನನ್ನು ಓದಿಸಿದ್ದೆ ಎನ್ನುವವರೂ ಉಂಟು. ಓದಿದವನು ಹೇಳಿದನೆಂದು ಲೆಕ್ಕ ಕೇಳದೆಯೇ ರುಜು ಹಾಕುವವರೂ ಉಂಟು. ಇವೆರಡೂ ಸರಿಯಲ್ಲ. ಹುಡುಗನು ಅಲ್ಲಿ ಕಲಿತಿರುವುದೇನೆಂಬುದನ್ನು ಮೊದಲು ತಿಳಿಯತಕ್ಕದ್ದು.

ಪದವಿಯ ವ್ಯಾಸಂಗವು ನಾಲ್ಕು ವರ್ಷಗಳದು. ಉದ್ಯಮ ಹೂಡುವ ಬಗೆ, ಯೋಜನಾ ವರದಿ ಬರೆಯುವ ಕ್ರಮ, ಬಂಡವಾಳದ ಲೆಕ್ಕ ಇವುಗಳಿಗೆ ಪ್ರತ್ಯೇಕ ಪಾಠವಿರುವುದು. ಆದರೆ ನಿಜವಾದ ಕಲಿಕೆಯಾಗುವುದು ಕೊನೆಯ ವರ್ಷದಲ್ಲಿ. ೨೦೧೫ರ ಜುಲೈ ೨೫ರಂದು ಆರಂಭವಾದ 'ಸ್ಟೂಡೆಂಟ್ ರೆಡಿ' ಎಂಬ ಕ್ರಮದಂತೆ ಆ ವರ್ಷದ ಒಂದು ಭಾಗವನ್ನು ವಿದ್ಯಾರ್ಥಿಗಳು ಹಳ್ಳಿಯಲ್ಲಿ ಕಳೆಯುತ್ತಾರೆ. ಊರ ದೇವಸ್ಥಾನದ ಮುಂದೆ ಬಣ್ಣದ ಪುಡಿಯಿಂದ ಗ್ರಾಮದ ನಕ್ಷೆ ಬರೆದು, ಕೆರೆ ಯಾವುದು, ಗೋಮಾಳ ಯಾವುದು ಎಂದು ವಿಚಾರಿಸುವ ತರುಣ ತರುಣಿಯರನ್ನು ಯಜಮಾನರಲ್ಲಿ ಹಲವರು ಕಂಡೇ ಇರಬಹುದು. ಇನ್ನೊಂದು ಭಾಗದಲ್ಲಿ ಅಣಬೆ, ಎರೆಗೊಬ್ಬರ, ಬೀಜೋತ್ಪಾದನೆ, ಸಸ್ಯಕ್ಷೇತ್ರ ಮೊದಲಾದವುಗಳಲ್ಲಿ ಒಂದನ್ನು ಆಯ್ದುಕೊಂಡು, ಕೊಳ್ಳುವುದರಿಂದ ಮಾರುವವರೆಗೆ ಎಲ್ಲವನ್ನೂ ತಾವೇ ನಡೆಸಿ ಲೆಕ್ಕವೊಪ್ಪಿಸಬೇಕು. ಬಂದ ಲಾಭದಲ್ಲಿ ಅವರಿಗೂ ಪಾಲುಂಟು.

ಇದು ಬಹಳ ಒಳ್ಳೆಯ ಕ್ರಮವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಕಾಲೇಜಿನ ಆವರಣದಲ್ಲಿ ಬಂದ ಲಾಭವು ಊರಿನಲ್ಲಿಯೂ ಬರುವುದೆಂದು ನಂಬತಕ್ಕದ್ದಲ್ಲ. ಅಲ್ಲಿ ಕೊಟ್ಟಿಗೆಗೆ ಬಾಡಿಗೆಯಿಲ್ಲ. ಸಂದೇಹ ಬಂದರೆ ಅಧ್ಯಾಪಕರು ಪಕ್ಕದಲ್ಲಿಯೇ ಇರುತ್ತಾರೆ. ಕೊಳ್ಳುವವರೂ ಬಹುಮಟ್ಟಿಗೆ ಆವರಣದವರೇ.

ಸಸಿಮಡಿಯನ್ನೇ ತೆಗೆದುಕೊಳ್ಳೋಣ. ಟೊಮೇಟೊ, ಮೆಣಸಿನಕಾಯಿ ಸಸಿಗಳನ್ನು ಈಗ ನೆರಳುಬಲೆಯ ಕೆಳಗೆ, ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ಬೆಳೆಸುವರು. ಸಾಮಾನ್ಯವಾಗಿ ಬಳಸುವ ತಟ್ಟೆಗೆ ೯೮ ಗುಳಿಗಳು. ೧,೦೦೦ ತಟ್ಟೆಗಳಿಗೆ ೯೮,೦೦೦ ಗುಳಿಗಳಾದುವು. ನೂರಕ್ಕೆ ಹತ್ತು ಹಾಳಾದುವೆಂದು ಇಟ್ಟುಕೊಂಡರೆ ಉಳಿಯುವುದು ೮೮,೨೦೦ ಸಸಿ. ಒಂದು ಸಸಿಯ ಬೆಲೆಯಲ್ಲಿ ಹತ್ತೇ ಪೈಸೆ ಇಳಿದರೂ ಒಂದು ಸರದಿಗೆ ೮,೮೨೦ ರೂಪಾಯಿ ನಷ್ಟ. ಇದಕ್ಕಿಂತಲೂ ಕಠಿಣವಾದುದು ಕಾಲದ ಮಾತು. ಟೊಮೇಟೊ ಸಸಿಯು ಸುಮಾರು ನಾಲ್ಕು ವಾರಗಳಲ್ಲಿ ನಾಟಿಗೆ ಬರುವುದು. ಆಗ ಮಳೆ ಹಿಂದೆಗೆದು ರೈತರು ಕೊಳ್ಳಲು ಬಾರದಿದ್ದರೆ ಸಸಿಗಳು ಕಡ್ಡಿಯಂತೆ ನೀಳವಾಗಿ ಬೆಳೆದು ಯಾರಿಗೂ ಬೇಡವಾಗುವುವು. ಆದುದರಿಂದ ಬಿತ್ತುವುದಕ್ಕೆ ಮೊದಲೇ ಮುಂಗಡ ಪಡೆದು ಬೇಡಿಕೆಯನ್ನು ಬರೆದುಕೊಳ್ಳುವವನು ಮಾತ್ರ ಈ ಕಸುಬಿನಲ್ಲಿ ನಿಲ್ಲುವನು. ಮಗನು ತಂದ ವರದಿಯಲ್ಲಿ ಈ ವಿಷಯವುಂಟೇ, ಅವನ ಸ್ವಂತ ದುಡಿಮೆಗೂ ಮನೆಯ ಬಾವಿಯ ನೀರಿಗೂ ಬೆಲೆ ಕಟ್ಟಿರುವನೇ ಎಂದು ತಂದೆಯು ಕೇಳಬೇಕು. ಇದನ್ನು ಕೇಳುವುದಕ್ಕೆ ಪದವಿಯೇನೂ ಬೇಕಿಲ್ಲ.

ಉದ್ಯಮದಿಂದ ಏನಾದೀತೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ತೋಟಗಾರಿಕೆಯಲ್ಲಿ ಪರಿಣತರಾದ ಮನಮೋಹನ ಅತ್ತಾವರ್ ಅವರು ೧೯೬೫ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ೧೯೭೩ರಲ್ಲಿ 'ಕರ್ನಾಟಕ' ಎಂಬ ಸಂಕರ ಟೊಮೇಟೊ ತಳಿಯನ್ನು ಹೊರತಂದರು. ಸಂಕರ ಬೀಜವನ್ನು ತಯಾರಿಸಲು ಮೊಗ್ಗು ಅರಳುವ ಮೊದಲೇ ಅದರ ಕೇಸರಗಳನ್ನು ಕಿತ್ತು, ಮರುದಿನ ಬೇರೆ ಗಿಡದ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು; ಯಂತ್ರವು ಮಾಡುವ ಕೆಲಸ ಇದಲ್ಲ. ರಾಣೆಬೆನ್ನೂರಿನ ಸುತ್ತಣ ಹಳ್ಳಿಗಳು ಇಂದು ತರಕಾರಿ ಬೀಜೋತ್ಪಾದನೆಗೆ ಹೆಸರಾಗಿರುವುದು ಇಂತಹ ಕೈಕೆಲಸದಿಂದಲೇ.

ಬಂಡವಾಳ ಕಡಮೆಯಿರುವವರಿಗೆ ಬೇರೆ ದಾರಿಗಳುಂಟು. ಕೀಟನಾಶಕದ ಅಂಗಡಿಗೆ ಹೊಸದಾಗಿ ಪರವಾನಗಿ ಬೇಕಾದರೆ ಈಗ ವಿದ್ಯಾರ್ಹತೆಯನ್ನೂ ನೋಡುವರು. ವ್ಯವಸಾಯ ಪದವೀಧರನಿಗೆ ಅದು ಆಗಲೇ ಕೈಯಲ್ಲಿದೆ. ರೈತರ ಉತ್ಪಾದಕ ಕಂಪೆನಿಗಳಿಗೆ ೨೦೦೨ರ ತಿದ್ದುಪಡಿಯಿಂದ ಕಾನೂನಿನ ಆಧಾರ ದೊರೆಯಿತು. ಅಂತಹ ೧೦,೦೦೦ ಸಂಘಟನೆಗಳನ್ನು ಕಟ್ಟುವ ಯೋಜನೆಯನ್ನು ಕೇಂದ್ರ ಸರ್ಕಾರವು ೨೦೨೦ರಲ್ಲಿ ಹೊರಡಿಸಿತು. ಇವುಗಳಿಗೆ ಲೆಕ್ಕವನ್ನೂ ಬೆಳೆಯನ್ನೂ ಬಲ್ಲ ಕಾರ್ಯನಿರ್ವಾಹಕರು ಬೇಕು. ಇದು ಸಂಬಳದ ಕೆಲಸವೇ ಆದರೂ ಉದ್ಯಮ ನಡೆಸುವ ಅಭ್ಯಾಸವು ಪರರ ಬಂಡವಾಳದಲ್ಲಿಯೇ ಆಗುತ್ತದೆ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಇದನ್ನೇ ನಾನು ಮೊದಲು ಸೂಚಿಸುವೆನು.

ಸಾಲದ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳವಾಗಿದೆ. ೨೦೦೨ರಲ್ಲಿ ಆರಂಭವಾದ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವಾಣಿಜ್ಯ ಕೇಂದ್ರಗಳ ಯೋಜನೆಯಲ್ಲಿ ಪದವೀಧರರಿಗೆ ಉಚಿತ ತರಬೇತಿಯನ್ನು ಕೊಟ್ಟು, ಬ್ಯಾಂಕಿನ ಸಾಲಕ್ಕೆ ದಾರಿ ಮಾಡಲಾಯಿತು. ೨೦೧೦ರ ಪರಿಷ್ಕರಣದಲ್ಲಿ ಒಬ್ಬನ ಯೋಜನೆಗೆ ೨೦ ಲಕ್ಷ ರೂಪಾಯಿಗಳ ಮಿತಿಯನ್ನೂ, ಸಾಮಾನ್ಯರಿಗೆ ನೂರಕ್ಕೆ ೩೬, ಸ್ತ್ರೀಯರಿಗೂ ಪರಿಶಿಷ್ಟ ವರ್ಗದವರಿಗೂ ೪೪ರಂತೆ ಸಹಾಯಧನವನ್ನೂ ಗೊತ್ತುಮಾಡಿದರು. ೨೦ ಲಕ್ಷಕ್ಕೆ ೭ ಲಕ್ಷ ೨೦ ಸಾವಿರವು ಪುಕ್ಕಟೆ ಎಂದು ಹಿಗ್ಗುವವರು ಗಮನಿಸಬೇಕಾದುದೇನೆಂದರೆ, ಈ ಹಣವು ಮೊದಲೇ ಕೈಗೆ ಬಾರದೆ ಬ್ಯಾಂಕಿನಲ್ಲಿಯೇ ನಿಂತು ಕಡೆಗೆ ಸಾಲದಲ್ಲಿ ವಜಾ ಆಗುವ ಏರ್ಪಾಡು. ಉದ್ಯಮವು ನಡುವೆ ನಿಂತರೆ ಅದು ದಕ್ಕಲಾರದು, ಸಾಲವು ಮಾತ್ರ ಉಳಿಯುವುದು. ಈಗಿನ ದರವನ್ನೂ ಷರತ್ತನ್ನೂ ಬ್ಯಾಂಕಿನಲ್ಲಿ ಕೇಳಿ ತಿಳಿದ ಮೇಲೆಯೇ ಪಹಣಿಯನ್ನು ಹೊರತೆಗೆಯುವುದು ಕ್ಷೇಮ.

ಮೊದಲ ವರ್ಷ ಜಮೀನಿನ ಆಧಾರ ಕೊಡುವುದಕ್ಕೆ ಬದಲಾಗಿ ನೀರಿನ ಬಳಿ ಹತ್ತು ಗುಂಟೆಯನ್ನು ಬಿಟ್ಟುಕೊಟ್ಟು, ಗೇಣಿಯನ್ನು ಗೊತ್ತುಮಾಡಿ, ಮನೆಯ ಲೆಕ್ಕದೊಡನೆ ಬೆರಸದ ಒಂದು ಪುಸ್ತಕವನ್ನು ಇಡಿಸಿರಿ. ಮಗಳು ಕೇಳಿದರೂ ಹೀಗೆಯೇ. ಈ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ಇಂದು ವಿರಳರಲ್ಲ. ಎರಡು ಹಂಗಾಮುಗಳ ಪುಸ್ತಕವನ್ನು ನೋಡಿದ ಮೇಲೆ ಸಾಲದ ಮಾತನ್ನು ಎತ್ತಬಹುದು. ಅದಕ್ಕೆ ಮುಂಚೆ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಾಮಾನ್ಯವಾಗಿ ನವೆಂಬರ್ ತಿಂಗಳಿನಲ್ಲಿ ನಡೆಯುವ ಕೃಷಿ ಮೇಳಕ್ಕೆ ತಂದೆಮಕ್ಕಳು ಜೊತೆಯಾಗಿಯೇ ಹೋಗಿ, ಸಸಿ ಬೀಜಗಳನ್ನು ಮಾರುತ್ತಿರುವವರನ್ನು ಕಂಡು, ಮಾರದೆ ಉಳಿದುದನ್ನು ಏನು ಮಾಡುವಿರೆಂದು ವಿಚಾರಿಸಿ ಬರತಕ್ಕದ್ದು.